ಮಾವನ ಬೆಂಚಿಗೆ ವಾರ್ನಿಷ್

ಫೋನಿನಲ್ಲಿ ತಮ್ಮ ಮಾತು ಮುಗಿದ ಕೂಡಲೇ ಇಟ್ಟುಬಿಡುವುದು ಅತ್ತೆಯವರ ಅಭ್ಯಾಸ. ಆ ಕಡೆಯವರಿಗೂ ಒಂದು ಬಾಯಿ ಇದೆ ಎಂಬುದನ್ನು ಅವರು ಎಂದೂ ಲೆಕ್ಕಕ್ಕೆ ಹಿಡಿದವರಲ್ಲ. ಆ ದಿನ ಬೆಳಿಗ್ಗೆಯೂ, "ನಿಮ್ಮಪ್ಪನ ಬೆಂಚು ಅಂಗಳದಲ್ಲೇ ಇದೆ ತಾನೆ? ಸಾಯಂಕಾಲ ಟೆಂಪೋ ಮಾಡ್ಕೊಂಡು ಬರ್ತಿದೀನಿ. ನಿಮ್ಮ ಭಾವನೂ ಜೊತೆಗಿರ್ತಾರೆ," ಎಂದವರೇ ಇಟ್ಟರು. ಮಗಳು ಮೂಕವಾದ ಫೋನನ್ನು ಕೆಳಗಿಟ್ಟು ಗಂಡನ ಕಡೆ ತಿರುಗಿದಳು.

ಗಂಡ ಎಂದರೆ ನಾಳೆರಾಯ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಬೀದಿಯವರು ಅದನ್ನು ಮರೆತು ಬಹಳ ಕಾಲವಾಗಿತ್ತು. ನೀರು ಸರಬರಾಜು ಕಚೇರಿಯ ಕಿಟಕಿಯ ಹಿಂದೆ ಕೂತು, ಬಂದವರಿಗೆಲ್ಲ "ನಾಳೆ ಬನ್ನಿ" ಎನ್ನುವುದು ಅವನ ಉದ್ಯೋಗ. ಆ ಉದ್ಯೋಗವನ್ನು ಅವನು ನಿಷ್ಠೆಯಿಂದ ಮನೆಗೂ ತಂದಿದ್ದ. ಸೋರುವ ನಲ್ಲಿ ನಾಳೆ, ಕಿರುಗುಟ್ಟುವ ಬಾಗಿಲು ನಾಳೆ. "ನಾಳೆ ಎಂದವನ ಮನೆ ಹಾಳು" ಎಂದು ಹೆಂಡತಿ ಗಾದೆ ಹೇಳಿದರೆ, "ಒಳ್ಳೇ ಮಾತು, ನಾಳೆ ಯೋಚನೆ ಮಾಡೋಣ" ಎನ್ನುವ ಆಸಾಮಿ.

"ಟೆಂಪೋ ಯಾಕಂತೆ?" ಎಂದ.

"ಇನ್ಯಾಕೆ, ಬೆಂಚು ಹೇರ್ಕೊಂಡು ಹೋಗೋಕೆ. ಮಳೆ ಬಿಸಿಲಿಗೆ ಬಿಟ್ಟು ಅದರ ಗತಿ ಏನು ಮಾಡಿದೀರ ಅಂತ ಯಾರೋ ಚಾಡಿ ಹೇಳಿರ್ತಾರೆ. ಭಾವನ ಮನೇಲಿ ನೋಡಿ, ಅಪ್ಪನ ಮೇಜು, ಅಪ್ಪನ ಕುರ್ಚಿ, ಕಪಾಟು, ಎಲ್ಲದರಲ್ಲೂ ಮುಖ ನೋಡ್ಕೋಬಹುದು."

"ನಾಳೆ ನಾನೇ ಅವರಿಗೆ..."

"ಅಪ್ಪನ ನೆನಪು ಅಂತ ನನಗೆ ಸಿಕ್ಕಿದ್ದು ಅದೊಂದೇ ರೀ." ಅವಳ ದನಿ ನಡುಗಿತು. ಅವಳು ಬೈದರೆ ನಾಳೆರಾಯನಿಗೆ ಅಭ್ಯಾಸವಿತ್ತು, ದನಿ ನಡುಗಿದರೆ ಇರಲಿಲ್ಲ. "ಅದು ಟೆಂಪೋ ಹತ್ತಬಾರದು. ಹತ್ತಿದ್ರೆ ನನ್ನ ಜೊತೆ ಮಾತಾಡಬೇಡಿ," ಎಂದು ಚೀಲ ಹೆಗಲಿಗೇರಿಸಿ, ತಾನು ಕೆಲಸ ಮಾಡುವ ಔಷಧಿ ಅಂಗಡಿಗೆ ಹೊರಟುಹೋದಳು.

ನಾಳೆರಾಯ ಅಂಗಳಕ್ಕಿಳಿದು ಬೆಂಚನ್ನು ನೋಡಿದ. ದಿನವೂ ಕಾಣುತ್ತಿದ್ದದ್ದೇ, ಆದರೆ ನೋಡಿ ವರ್ಷಗಳಾಗಿದ್ದವು. ತೇಗದ ಮರವೆಂದರೆ ಯಾರೂ ನಂಬುವಂತಿರಲಿಲ್ಲ. ಬೂದಿ ಬಣ್ಣಕ್ಕೆ ತಿರುಗಿ, ಉದ್ದಕ್ಕೆ ಸಣ್ಣಸಣ್ಣ ಬಿರುಕು ಬಿಟ್ಟು, ಕಾಲುಗಳಿಗೆ ಪಾಚಿ ಹತ್ತಿ, ಮುದಿ ಕತ್ತೆಯ ಹಾಗೆ ತಲೆ ತಗ್ಗಿಸಿ ನಿಂತಿತ್ತು. ಗಡಿಯಾರ ರಿಪೇರಿ ಮಾಡುತ್ತಿದ್ದ ಮಾವ ಅಂಗಡಿಯ ಬಾಗಿಲು ಹಾಕಿದ ಮೇಲೆ ಸಂಜೆಸಂಜೆ ಕೂತು ತಮ್ಮ ಕೈಯಾರೆ ಮಾಡಿದ ಬೆಂಚು ಅದು.

ಹೆಣ್ಣು ಕೇಳಲೆಂದು ಆ ಮನೆಗೆ ಮೊದಲ ಸಲ ಹೋದಾಗ ಮಾವ ಅವನನ್ನು ಕೂರಿಸಿದ್ದು ಇದೇ ಬೆಂಚಿನ ಮೇಲೆ. ಸಂಬಳ ಕೇಳಲಿಲ್ಲ, ಓದು ಕೇಳಲಿಲ್ಲ. ತಾವೂ ಪಕ್ಕದಲ್ಲಿ ಕೂತು ರಸ್ತೆ ನೋಡಿದರು. ಇವನೂ ನೋಡಿದ. ಹೊತ್ತು ಮುಳುಗುವವರೆಗೆ ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ಮಾವ ಒಳಗೆ ತಿರುಗಿ, "ಹುಡುಗನಿಗೆ ಸುಮ್ಮನೆ ಕೂರೋಕೆ ಬರುತ್ತೆ, ಪರವಾಗಿಲ್ಲ," ಎಂದರು. ಮದುವೆ ನಿಶ್ಚಯವಾಯಿತು. ಪ್ರಪಂಚದಲ್ಲಿ ಅವನನ್ನು ಹಾಗೆ ಮೆಚ್ಚಿಕೊಂಡವರು ಅವರೊಬ್ಬರೇ. ಅವರ ಬೆಂಚನ್ನು ಈ ಗತಿಗೆ ತಂದೆನಲ್ಲ ಎಂದು ನಾಳೆರಾಯ ಅಂಗಿಯ ತೋಳು ಮಡಚಿದ.

ಕಚೇರಿಗೆ ಫೋನು ಮಾಡಿ ರಜೆ ಕೇಳಿದ. "ಹುಷಾರಿಲ್ವಾ?" ಎಂದರು ಸಾಹೇಬರು. "ಕೆಲಸ ಇದೆ ಸಾರ್," ಎಂದ. "ಡಾಕ್ಟರಿಗೆ ತೋರಿಸಿ," ಎಂದು ಸಾಹೇಬರು ರಜೆ ಕೊಟ್ಟರು.

ಹಾರ್ಡ್‌ವೇರ್ ಅಂಗಡಿಯಲ್ಲಿ ಮರ ಉಜ್ಜುವ ಸ್ಯಾಂಡ್ ಪೇಪರು, ವಾರ್ನಿಷು, ಬ್ರಷ್ಷು ತೆಗೆದುಕೊಂಡು, "ಹಚ್ಚಿದ್ದು ಯಾವಾಗ ಒಣಗುತ್ತೆ?" ಎಂದು ಕೇಳಿದ.

"ನಾಳೆ," ಎಂದ ಅಂಗಡಿಯವನು.

ಆ ಮಾತು ಕೇಳಿಸಿಕೊಳ್ಳುವವನಿಗೆ ಹೇಗಿರುತ್ತದೆ ಎಂದು ನಾಳೆರಾಯನಿಗೆ ಮೊದಲ ಬಾರಿಗೆ ತಿಳಿಯಿತು.

ಬೆಂಚನ್ನು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿ, ಉಜ್ಜಲು ಶುರುಮಾಡುವಷ್ಟರಲ್ಲಿ ಪಕ್ಕದ ಮನೆಯ ಓವರ್‌ಸಿಯರ್ ಪ್ರತ್ಯಕ್ಷರಾದರು. ನಿವೃತ್ತರಾದ ಮೇಲೆ ಮೇಲ್ವಿಚಾರಣೆಗೆ ಯಾವ ಕೆಲಸವೂ ಸಿಗದೆ ಒಣಗಿಹೋಗಿದ್ದವರು. ನಾಳೆರಾಯ ದುಡಿಯುತ್ತಿರುವುದನ್ನು ಕಂಡು ಮೊದಲು ಕನ್ನಡಕ ಒರೆಸಿಕೊಂಡರು. ಆಮೇಲೆ ಮನೆಯಿಂದ ಕುರ್ಚಿ ತಂದು ಹಾಕಿಕೊಂಡರು.

"ಅಡ್ಡಡ್ಡ ಉಜ್ತೀರಲ್ರೀ. ಮರದ ಎಳೆ ಹಿಡಿದು ಉಜ್ಜಬೇಕು. ಬೆಕ್ಕಿನ ಮೈ ಸವರಿದ ಹಾಗೆ."

ನಾಳೆರಾಯ ಬೆಕ್ಕಿನ ಮೈ ಸವರಿದ. ನಿಜಕ್ಕೂ, ಬೂದಿ ಬಣ್ಣ ಪುಡಿಪುಡಿಯಾಗಿ ಉದುರಿ ಒಳಗಿಂದ ಜೇನಿನ ಬಣ್ಣ ಇಣುಕಿತು. ಜೊತೆಗೆ ಒಂದು ವಾಸನೆ ಬಂತು. ಮಾವನ ಅಂಗಿಯಲ್ಲಿ ಇರುತ್ತಿದ್ದದ್ದು ಗಡಿಯಾರದ ಎಣ್ಣೆಯ ವಾಸನೆ ಮಾತ್ರವಲ್ಲ, ಈ ಮರದ್ದೂ ಇತ್ತು ಎಂದು ಅವನಿಗೆ ಈಗ ಹೊಳೆಯಿತು. ಅವನ ಕೈ ತಾನಾಗಿ ಚುರುಕಾಯಿತು. ಮಧ್ಯಾಹ್ನದ ಊಟವನ್ನೂ ಮರೆತ. ಕೆಲಸದಲ್ಲಿ ಇಷ್ಟು ಸುಖವಿದೆಯೆಂದು ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಎಂದು ಬೇಸರವೂ ಆಯಿತು. ಹೇಳಿದ್ದರು, ಅವನು ಕೇಳಿರಲಿಲ್ಲ.

ಅಷ್ಟರಲ್ಲಿ ಎದುರು ಮನೆಯ ಟೀಚರಮ್ಮ ಗೇಟಿನಲ್ಲಿ ನಿಂತು, "ನಮ್ಮನೆ ಬಿಳೀ ಬೆಡ್‌ಶೀಟೆಲ್ಲ ಕಾವಿ ಬಣ್ಣ ಆಗಿದೆ. ನಿಮ್ಮ ಧೂಳು," ಎಂದರು. ಅವನು ಕ್ಷಮೆ ಕೇಳುವುದಕ್ಕೆ ಮೊದಲೇ ಓವರ್‌ಸಿಯರ್, "ಕೆಲಸ ನಡೆಯೋ ಕಡೆ ಧೂಳು ಇರುತ್ತಮ್ಮ," ಎಂದು ತಮ್ಮ ಹಳೆಯ ಅಧಿಕಾರವಾಣಿಯಲ್ಲಿ ಹೇಳಿಬಿಟ್ಟರು. ಜಗಳ ಅವರಿಬ್ಬರದು, ಬೆಡ್‌ಶೀಟು ಒಗೆದುಕೊಟ್ಟವನು ನಾಳೆರಾಯ.

ಒಗೆದು ಹಿಂಡಿ ಬರುವಷ್ಟರಲ್ಲಿ ಓವರ್‌ಸಿಯರ್ ಮನೆಯಿಂದ ರಸಮಟ್ಟ ತಂದು ಬೆಂಚಿನ ಮೇಲೆ ಇಟ್ಟಿದ್ದರು. ಗಾಜಿನ ಕೊಳವೆಯೊಳಗೆ ಗುಳ್ಳೆಯೊಂದು ಓಡಾಡುವ ಆ ಪಟ್ಟಿಯನ್ನು ಅವರು ಮಕ್ಕಳಿಗಿಂತ ಹೆಚ್ಚು ಜೋಪಾನ ಮಾಡಿದ್ದರು.

"ಗುಳ್ಳೆ ನಡುವಿಗೆ ಬರ್ತಿಲ್ಲ ನೋಡಿ. ಈ ತುದಿ ತಗ್ಗಾಗಿದೆ."

"ಅಲ್ಲಿ ಮಾವ ಕೂರ್ತಿದ್ರು."

"ಅದಕ್ಕೇ ತಗ್ಗಾಗಿರೋದು. ಲೆವೆಲ್ ಇಲ್ಲದ್ದಕ್ಕೆ ವಾರ್ನಿಷ್ ಹೊಡೆದ್ರೆ ನೋಡಿದವರು ನಗ್ತಾರೆ. ನಿಮ್ಮ ಷಡ್ಡಕರು ಬೇರೆ ಬರ್ತಾರೆ ಅಂತೀರಿ."

ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ನಗುವುದನ್ನು ನೆನೆದ ಮೇಲೆ ನಾಳೆರಾಯನಿಗೆ ಉಳಿದದ್ದು ಒಂದೇ ದಾರಿ. ಓವರ್‌ಸಿಯರರ ಕೀಸುಳಿ ಹಿಡಿದು ಹೆರೆಯತೊಡಗಿದ. ಸುರುಳಿ ಸುರುಳಿಯಾಗಿ ಹೊಟ್ಟು ಬಿತ್ತು. ಹೆರೆಯುವುದು, ಗುಳ್ಳೆ ನೋಡುವುದು, ಮತ್ತೆ ಹೆರೆಯುವುದು. ಕೊನೆಗೆ ಗುಳ್ಳೆ ನಡುವಿನಲ್ಲಿ ನಿಂತಾಗ ಓವರ್‌ಸಿಯರ್ ಕಣ್ಣು ತುಂಬಿಕೊಂಡರು. ತಾವು ಕಟ್ಟಿಸಿದ ಸೇತುವೆಯಲ್ಲೂ ಅದು ಹಾಗೆ ನಿಂತಿರಲಿಲ್ಲ ಎಂದರು.

ಮೊದಲ ಕೋಟು ವಾರ್ನಿಷ್ ಬಿತ್ತು. ಬೇಗ ಒಣಗಲೆಂದು ಓವರ್‌ಸಿಯರ್ ತಮ್ಮ ಮನೆಯ ಟೇಬಲ್ ಫ್ಯಾನು ತಂದು ಹಚ್ಚಿದರು. ಅಂಗಳದ ಹೊಟ್ಟು, ಧೂಳು, ಒಣಗಿದೆಲೆಗಳೆಲ್ಲ ಕಾದು ಕೂತಿದ್ದವೋ ಏನೋ, ಒಮ್ಮೆಲೇ ಎದ್ದು ಬೆಂಚಿಗೆ ಅಂಟಿಕೊಂಡವು. ನಾಳೆರಾಯ ಎಲ್ಲವನ್ನೂ ಬಟ್ಟೆಯಲ್ಲಿ ಒರೆಸಿ, ಉಜ್ಜಿ, ಮತ್ತೆ ಹಚ್ಚಿದ. ಆಗ ಓವರ್‌ಸಿಯರರಿಗೆ ದಣಿವಾಯಿತು. ದಿನವೂ ಸಂಜೆ ಅವರು ಪೇಪರ್ ಓದುತ್ತಿದ್ದದ್ದು ಈ ಬೆಂಚಿನ ಮೇಲೆಯೇ. ಕಾಲು ತಾನಾಗಿ ಆ ಕಡೆ ನಡೆಯಿತು, ಪೇಪರ್ ಬಿಡಿಸಿದರು, ಕೂತರು.

ಏಳುವಾಗ ಪ್ಯಾಂಟು ಬರಲಿಲ್ಲ.

ಟೀಚರಮ್ಮ ಮಹಡಿಯ ಮೇಲಿಂದ ಇದನ್ನು ನೋಡಿ, ಬೆಡ್‌ಶೀಟಿನ ಸಿಟ್ಟನ್ನು ಪೂರ್ತಿ ಮರೆತು ನಕ್ಕರು. ಓವರ್‌ಸಿಯರರನ್ನು ಬೆಂಚಿನಿಂದ ಸ್ವಲ್ಪಸ್ವಲ್ಪವಾಗಿ ಬಿಡಿಸಿ, ಟವೆಲ್ಲು ಸುತ್ತಿ ಮನೆಗೆ ಕಳಿಸಿದ್ದಾಯಿತು. ಬೆಂಚಿನ ಮೇಲೆ ಉಳಿದ ಪ್ಯಾಂಟಿನ ನೇಯ್ಗೆಯ ಅಚ್ಚನ್ನು ನಾಳೆರಾಯ ಮೂರನೇ ಸಲ ಉಜ್ಜಿ, ಮೂರನೇ ಸಲ ಹಚ್ಚಿದ. ಬೆರಳಲ್ಲಿ ಬೊಬ್ಬೆ, ಮೂಗಲ್ಲಿ ಹೊಟ್ಟು, ತಲೆಯಲ್ಲಿ ವಾರ್ನಿಷು. ಆದರೆ ಬೆಂಚು ಮದುವೆ ಮನೆಯ ದೀಪದ ಹಾಗೆ ಹೊಳೆಯುತ್ತಿತ್ತು. ಹೆಂಡತಿ ಕೆಲಸ ಮುಗಿಸಿ ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು.

"ಇದು ಅಪ್ಪನ ಬೆಂಚಾ?"

"ಹೂಂ."

"ನೀವೇ ಮಾಡಿದ್ರಾ?"

"ಇವತ್ತೇ ಮಾಡಿದೆ," ಎಂದ, 'ಇವತ್ತೇ' ಎಂಬುದನ್ನು ಸ್ವಲ್ಪ ಒತ್ತಿ. ಅವಳು ಅವನ ಬೊಬ್ಬೆಯೆದ್ದ ಕೈಯನ್ನು ಹಿಡಿದುಕೊಂಡಳು. ಎಷ್ಟೋ ವರ್ಷಗಳ ಮೇಲೆ ಹಿಡಿದ ಕೈ ಅದು. ವಾರ್ನಿಷಿಗೆ ಅಂಟಿಕೊಂಡು ಬಿಡಿಸಲಾಗದಿದ್ದರೂ ಚಿಂತೆಯಿಲ್ಲ ಎಂದುಕೊಂಡ.

ಟೆಂಪೋ ಬಂತು. ಮುಂದಿನಿಂದ ಷಡ್ಡಕ ಇಳಿದ, ಹಿಂದೆಯೇ ಅತ್ತೆ ಇಳಿದರು. ಟೆಂಪೋ ಖಾಲಿ ಇರಲಿಲ್ಲ. ಅದರಲ್ಲಿ ಅತ್ತೆಯವರ ಟ್ರಂಕು, ಹಾಸಿಗೆ ಸುರುಳಿ, ಹೊಲಿಗೆ ಯಂತ್ರ ಇದ್ದವು.

ಅತ್ತೆ ಯಾರನ್ನೂ ಮಾತಾಡಿಸದೆ ನೇರ ಅಂಗಳಕ್ಕೆ ಬಂದರು. ಬೆಂಚನ್ನು ನೋಡಿದರು, ಅದರ ಹಿಂದೆ ನೋಡಿದರು, ಗೋಡೆಯ ಕಡೆ ನೋಡಿದರು. "ಬೆಂಚೆಲ್ಲಿ?" ಎಂದರು.

"ಇದೇ ಅತ್ತೆ," ಎಂದ ನಾಳೆರಾಯ ಎದೆಯುಬ್ಬಿಸಿ.

ಅತ್ತೆ ಬಗ್ಗಿ ಮಾವ ಕೂರುತ್ತಿದ್ದ ತುದಿಯನ್ನು ಅಂಗೈಯಿಂದ ಸವರಿದರು. ಅತ್ತ ಸವರಿದರು, ಇತ್ತ ಸವರಿದರು. ಏನೋ ಕಳೆದುಕೊಂಡವರು ಕತ್ತಲಲ್ಲಿ ತಡಕುವ ಹಾಗೆ ಕೈ ಹಲಗೆಯ ಮೇಲೆಲ್ಲ ಓಡಾಡಿತು. ಎದ್ದು ನಿಂತಾಗ ಅಂಗೈ ತುಂಬ ವಾರ್ನಿಷ್ ಇತ್ತು.

"ದೊಡ್ಡಳಿಯಂದಿರ ಮನೇಲಿ ಎಲ್ಲಾ ಪಳಪಳ," ಎಂದರು ನಿಧಾನವಾಗಿ. "ನಿಮ್ಮ ಮಾವ ಕೈಯಿಟ್ಟ ಗುರುತು, ಅವರು ಕೂತ ಗುರುತು, ಒಂದೂ ಉಳಿದಿಲ್ಲ. ಎರಡು ವರ್ಷ ಇದ್ದೆ, ಯಾರದೋ ಮನೇಲಿ ಇದ್ದ ಹಾಗಿತ್ತು. ಚಿಕ್ಕಳಿಯಂದಿರ ಮನೇಲಾದ್ರೆ ಬೆಂಚು ಇಟ್ಟ ಹಾಗೇ ಇರುತ್ತೆ, ಇನ್ನುಳಿದ ದಿನ ಅದರ ಮೇಲೆ ಕೂತು ಕಳೀತೀನಿ ಅಂತ ಗಂಟುಮೂಟೆ ಕಟ್ಕೊಂಡು ಬಂದೆ."

ಷಡ್ಡಕ ಬೆಂಚಿನ ಸುತ್ತ ಒಂದು ಸುತ್ತು ಹಾಕಿ, "ಎಂಥ ತೇಗ ಅತ್ತೆ. ಇಷ್ಟು ದಿನ ಆ ಕೊಳಕಿನಲ್ಲಿ ಗೊತ್ತೇ ಆಗಿರಲಿಲ್ಲ. ನಮ್ಮ ಹಾಲ್‌ಗೆ ಹೇಳಿ ಮಾಡಿಸಿದ ಹಾಗಿದೆ. ಹೇಗೂ ಟೆಂಪೋ ಖಾಲಿ ವಾಪಸ್ ಹೋಗುತ್ತೆ," ಎಂದ.

"ತಗೊಂಡು ಹೋಗಪ್ಪಾ," ಎಂದರು ಅತ್ತೆ. "ನಾನು ಹುಡುಕ್ಕೊಂಡು ಬಂದಿದ್ದು ಇದಲ್ಲ."

"ಅಮ್ಮಾ," ಎಂದಳು ಮಗಳು. ಅತ್ತೆ ಆಗಲೇ ಮೆಟ್ಟಿಲ ಕಡೆ ತಿರುಗಿದ್ದರು.

ಟ್ರಂಕು ಇಳಿಯಿತು, ಬೆಂಚು ಏರಿತು. ಹೆಂಡತಿ ತಾಯಿಯ ಹಾಸಿಗೆ ಸುರುಳಿ ಎತ್ತಿಕೊಂಡು, ಗಂಡನ ಮುಖ ನೋಡದೆ ಒಳಗೆ ಹೋದಳು. ಕೈ ಕೆಸರಾದರೆ ಬಾಯಿ ಮೊಸರು ಎಂದು ಯಾವ ಮಹಾನುಭಾವ ಹೇಳಿದನೋ, ಅವನು ಕೈಗೆ ಸಿಕ್ಕರೆ ನಾಳೆರಾಯ ಎರಡು ಮಾತು ಕೇಳುವವನಿದ್ದ.

"ಅತ್ತೆ, ನಾನು ನಿಮಗೆ ಸಂತೋಷ ಆಗ್ಲಿ ಅಂತ..." ಎಂದ.

ಅತ್ತೆ ಮೆಟ್ಟಿಲ ಮೇಲೆ ಕೂತು ಅಂಗೈಯ ವಾರ್ನಿಷನ್ನು ಉಗುರಿನಿಂದ ಕೆರೆಯುತ್ತಿದ್ದರು. ಅವರಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಹೋಗೋ ಮುಂಚೆ ನಿಮ್ಮ ಮಾವ ಎಲ್ಲಾ ಹಂಚಿದ್ರು. ಮೇಜು, ಕುರ್ಚಿ, ಕಪಾಟು ದೊಡ್ಡವರಿಗೆ ಅಂದ್ರು. ಬೆಂಚು ಮಾತ್ರ ನಿಮಗೇ ಕೊಡಬೇಕು ಅಂತ ಹಟ ಹಿಡಿದ್ರು. ಯಾಕೆ ಅಂತ ಕೇಳಿದೆ. 'ನನ್ನನ್ನ ಉಳಿಸಿಕೊಳ್ಳೋಕೆ ಅವನಂಥ ಸೋಮಾರಿ ಇನ್ನೊಬ್ಬ ಸಿಗಲ್ಲ ಕಣೇ. ಅವನು ಅದರ ತಂಟೆಗೇ ಹೋಗಲ್ಲ' ಅಂದ್ರು."

ಬೀದಿಯ ಕೊನೆಯಲ್ಲಿ ಟೆಂಪೋ ತಿರುಗಿತು. ಅವನು ಜನ್ಮದಲ್ಲಿ ಮನಸ್ಸಿಟ್ಟು ಮಾಡಿದ ಒಂದೇ ಒಂದು ಕೆಲಸ ಸಂಜೆಯ ಬಿಸಿಲಿಗೆ ಫಳಕ್ಕನೆ ಹೊಳೆದು ಷಡ್ಡಕನ ಮನೆಯ ಕಡೆ ಹೊರಟುಹೋಯಿತು.