ಗಿಡಗಳ ಅಪ್ಪಣೆ ಪಡೆಯುವ ನಮ್ಮ ಭಾವ

ನಮ್ಮ ಭಾವ ದೇವರನ್ನು ನಂಬುತ್ತಾರೋ ಇಲ್ಲವೋ, ನನಗೆ ಇವತ್ತಿಗೂ ಖಚಿತವಿಲ್ಲ. ಆದರೆ ಹೀರೆಬಳ್ಳಿಯನ್ನು ಮಾತ್ರ ಪೂರ್ತಿ ನಂಬುತ್ತಾರೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಸರ್ಕಾರಿ ಎಂಜಿನಿಯರಾಗಿದ್ದವರು. ತೊಂಬತ್ತರ ದಶಕದಲ್ಲಿ ನಿವೃತ್ತರಾಗಿ, ಜೆ.ಪಿ. ನಗರದ ತಮ್ಮ ಮನೆಯ ಸುತ್ತಲಿನ ಅಂಗೈಯಗಲ ಮಣ್ಣಿಗೆ ತಾವೇ ವರ್ಗ ಮಾಡಿಸಿಕೊಂಡರು. ನಾನೋ, ಫೋನು ಬಡಿದುಕೊಂಡರೆ ಯಾರಿಗೇನಾಯಿತೋ ಎಂದೂ, ಸುಮ್ಮನಿದ್ದರೆ ಲೈನ್ ಯಾಕೆ ಸತ್ತಿದೆಯೋ ಎಂದೂ ಕೊರಗುವ ಜಾತಿ. ಇಂಥವನ ಜಯನಗರದ ಆಫೀಸಿಗೆ ಒಂದು ಮಧ್ಯಾಹ್ನ ಭಾವನ ಫೋನು ಬಂತು.

"ತಕ್ಷಣ ಹೊರಟು ಬಾರೋ. ಫೋನಲ್ಲಿ ಹೇಳೋ ವಿಷಯ ಅಲ್ಲ." ಅಷ್ಟೇ. ಟಪ್ಪೆಂದು ಇಟ್ಟುಬಿಟ್ಟರು.

ಆಟೋ ಹತ್ತಿದವನು ಅವರ ಮನೆ ತಲುಪುವಷ್ಟರಲ್ಲಿ ಅಕ್ಕನಿಗೆ ಹೃದಯಾಘಾತ ಮಾಡಿಸಿ, ಆಸ್ಪತ್ರೆಗೆ ಸೇರಿಸಿ, ಊರಿಂದ ನೋಡಲು ಬರುವವರ ಊಟ ತಿಂಡಿಯ ಏರ್ಪಾಟನ್ನೂ ಮನಸ್ಸಿನಲ್ಲೇ ಮುಗಿಸಿದ್ದೆ. ಗೇಟು ತೆರೆದರೆ ಭಾವ ಹೀರೆಬಳ್ಳಿಯ ಚಪ್ಪರದ ಕೆಳಗೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ!

"ಬೆಳಿಗ್ಗೆ ದಾರ ಈ ಕಡೆ ಇತ್ತು. ಬೇಕಂತಲೇ ಆ ಕಡೆಗೆ ಕಟ್ಟಿದೆ. ನೋಡು, ತಿರುಗಿಕೊಂಡು ಹೋಗಿ ಹಿಡಿದುಬಿಟ್ಟಿದೆ! ಕಣ್ಣಿಲ್ಲ ಕಣೋ ಇದಕ್ಕೆ. ಹೆಂಗೆ ಗೊತ್ತಾಯ್ತು ಹೇಳು?"

"ಭಾವ, ಅಕ್ಕ ಎಲ್ಲಿ?"

"ಒಳಗೆ ಮಲಗಿದಾಳೆ. ಅವಳಿಗೆ ಇಂಥದ್ದರಲ್ಲೆಲ್ಲ ಆಸಕ್ತಿ ಇಲ್ಲ."

ಬಗ್ಗಿ ನೋಡಿದೆ. ನಿಜ, ಹೀರೆಬಳ್ಳಿಯ ಎಳೆ ಕುಡಿಯೊಂದು ದಾರವನ್ನು ಸುತ್ತಿ ಬಿಗಿಹಿಡಿದಿತ್ತು. ಹೆಂಗೆ ಗೊತ್ತಾಯಿತೋ? ನನಗಂತೂ ಗೊತ್ತಿಲ್ಲ. ವಾಪಸು ಹೋಗಿ ಸಾಹೇಬರಿಗೆ ಏನು ಹೇಳಬೇಕೆಂಬುದೂ ಗೊತ್ತಿರಲಿಲ್ಲ.

ಭಾವನ ಸಿದ್ಧಾಂತ ಸರಳ. ಗಿಡಕ್ಕೆ ಎಲ್ಲ ತಿಳಿಯುತ್ತದೆ. ಆದ್ದರಿಂದ ಅದನ್ನು ಕೇಳದೆ ಒಂದೆಲೆಯನ್ನೂ ಕೀಳಕೂಡದು. ಸಿದ್ಧಾಂತವೇನೋ ಸರಿ, ಆದರೆ ಒಗ್ಗರಣೆಗೆ ಸಿದ್ಧಾಂತ ಅರ್ಥವಾಗುತ್ತದೆಯೇ?

"ರೀ, ಸಾಸಿವೆ ಸಿಡೀತಿದೆ! ಕರಿಬೇವು ತನ್ನಿ!"

"ತಡಿಯೇ, ಕೇಳ್ತಿದೀನಿ."

"ಯಾರನ್ನ?"

"ಅದನ್ನೇ!"

ಕಚೇರಿಯಲ್ಲಿ ಊರವರ ಅರ್ಜಿಗಳನ್ನೆಲ್ಲ ಕಾಯಿಸಿದ ಮನುಷ್ಯ ಹಿತ್ತಲಲ್ಲಿ ಕಣ್ಣುಮುಚ್ಚಿ, ಕೈಮುಗಿದು, ಕರಿಬೇವಿನ ಗಿಡದ ಮುಂದೆ ಅರ್ಜಿದಾರನಂತೆ ನಿಂತಿರುತ್ತಿದ್ದರು. ಕೆಲವು ದಿನ ಬರಿಗೈಯಲ್ಲಿ ಬಂದು, "ಇವತ್ತು ಅದಕ್ಕೆ ಮನಸ್ಸಿಲ್ಲ ಕಣೇ" ಎನ್ನುತ್ತಿದ್ದರು. ಆ ಮನೆಯಲ್ಲಿ ನಾನು ಕರಿಬೇವಿಲ್ಲದ ಸಾರು ಉಂಡಿದ್ದೇನೆ, ಸಾಸಿವೆ ಸೀದ ಸಾರೂ ಉಂಡಿದ್ದೇನೆ. ಎರಡೂ ಸರಿಯಿದ್ದ ಸಾರು ಉಂಡದ್ದು ಭಾವ ಊರಲ್ಲಿಲ್ಲದಾಗ ಮಾತ್ರ!

ಇನ್ನು ಹೂಗಳ್ಳರು. ನಮ್ಮ ಕಡೆ ಬೆಳಗಿನ ವಾಕಿಂಗ್ ಎಂದರೆ ಕೈಯಲ್ಲಿ ಪ್ಲಾಸ್ಟಿಕ್ ಕವರು, ಕಣ್ಣು ಪರರ ಕಾಂಪೌಂಡಿನ ಮೇಲೆ. ಒಮ್ಮೆ ದಾಸವಾಳಕ್ಕೆ ಕೊಡೆಯ ಹಿಡಿ ಸಿಕ್ಕಿಸಿ ಎಳೆಯುತ್ತಿದ್ದ ಮಂಕಿಟೋಪಿಯ ಹಿರಿಯರೊಬ್ಬರು ಭಾವನ ಕೈಗೆ ಸಿಕ್ಕಿಬಿದ್ದರು.

"ದೇವರ ಪೂಜೆಗೆ ಸಾರ್..." ಎಂದು ಅವರು ತೊದಲಿದರು.

"ತಗೊಳ್ಳಿ ಸಾರ್, ಯಾರು ಬೇಡ ಅಂದ್ರು? ಆದ್ರೆ ಕೇಳಿ ತಗೊಳ್ಳಿ."

"ನಿಮ್ಮನ್ನು ಎಬ್ಬಿಸೋದು ಬೇಡ ಅಂತ..."

"ನನ್ನನ್ಯಾಕೆ ಕೇಳ್ತೀರಿ? ಗಿಡಾನ ಕೇಳಿ!"

ಆ ಹಿರಿಯರು ಪಾಪ, ಮರುದಿನದಿಂದ ಕಾಂಪೌಂಡಿನಾಚೆ ನಿಂತು ಕೈಮುಗಿದು, ಅಪ್ಪಣೆ ಪಡೆದೇ ಕಿತ್ತರು. ವಾರದೊಳಗೆ ಗೆಳೆಯರನ್ನೂ ಕರೆತಂದರು. ಮೊದಲು ನಾಲ್ಕು ಹೂವಾದರೂ ಉಳಿಯುತ್ತಿತ್ತು. ಭಕ್ತಿ ಬಂದ ಮೇಲೆ ಒಂದೂ ಉಳಿಯಲಿಲ್ಲ!

ಇಷ್ಟೆಲ್ಲ ನಗುತ್ತಾ ನಡೆದಿತ್ತು, ಮಾವಿನ ಮರದ ಪ್ರಶ್ನೆ ಬರುವವರೆಗೆ. ಮನೆಯ ಮುಂದೆ ಭಾವನೇ ಓಟೆ ಊರಿ ಬೆಳೆಸಿದ ಮರ. ಮಾಳಿಗೆ ಮೀರಿ ಬೆಳೆದಿದ್ದರೂ ಒಂದು ಮಿಡಿ ಬಿಟ್ಟಿರಲಿಲ್ಲ. ಸಾಲದ್ದಕ್ಕೆ ಅದರ ಬೇರು ನೆಲದಡಿಯ ನೀರಿನ ಸಂಪಿನ ಗೋಡೆಯನ್ನು ಸೀಳತೊಡಗಿತ್ತು. ನೀರೆಲ್ಲ ಸೋರಿ, ಮಣ್ಣು ಕುಸಿದು, ಮನೆಯೇ ಒಂದು ದಿನ ಸಂಪಿನೊಳಗೆ ಇಳಿಯುತ್ತದೆಂದು ನಾನು ಆಗಲೇ ಕಂಗಾಲಾಗಿದ್ದೆ. ಬಸವನಗುಡಿಯಿಂದ ಬಂದ ಭಾವನ ಸೋದರತ್ತೆ, ಇಡೀ ಕುಟುಂಬ ಹೆದರುವ ಹಿರಿಯ ಜೀವ, ತೀರ್ಪು ಕೊಟ್ಟೇಬಿಟ್ಟರು: "ಕಾಯಿ ಬಿಡದ ಮರ ಮನೆ ಮುಂದೆ ಇರಬಾರದು. ಕಡಿಸು."

ಭಾವನ ಮುಖದಲ್ಲಿ ರಕ್ತವೇ ಇಲ್ಲ. "ಅದನ್ನ ಕೇಳ್ದೆ ಹೆಂಗೆ ಅತ್ತೆ?"

"ಹಂಗಾದ್ರೆ ಕೊನೇ ಸಲ ಹೆದರಿಸಿ ನೋಡು. ಬಗ್ಗದಿದ್ರೆ ಕಡಿಸಲೇಬೇಕು."

ಹೆದರಿಸುವುದು ಹಳೆಯ ಪದ್ಧತಿ. ಒಬ್ಬ ಮಚ್ಚು ಎತ್ತಿ "ಕಡೀತೀನಿ" ಎಂದು ಮರವನ್ನು ಗದರಿಸಬೇಕು. ಇನ್ನೊಬ್ಬ ಅಡ್ಡ ಬಂದು, "ಬೇಡ ಬಿಡಪ್ಪ, ಬರೋ ವರ್ಷ ಖಂಡಿತ ಕಾಯಿ ಬಿಡುತ್ತೆ" ಎಂದು ಜಾಮೀನು ನಿಲ್ಲಬೇಕು. ಅಂಜಿದ ಮರ ಕಾಯಿ ಬಿಡುತ್ತದಂತೆ. ಭಾನುವಾರ ಬೆಳಿಗ್ಗೆ ಅತ್ತೆ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಅಕ್ಕ ಅರಿಸಿನ ಕುಂಕುಮದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಳು. ಕಟುಕನ ಪಾತ್ರ ನನಗೆ ಬಂತು. ತೆಂಗಿನಕಾಯಿ ಕೆತ್ತುವ ಮಚ್ಚು ಎಲ್ಲಿ ಜಾರಿ ನನ್ನ ಪಾದದ ಮೇಲೇ ಬೀಳುತ್ತದೋ ಎಂದು ಪಾದ ಹಿಂದೆಳೆದುಕೊಂಡು ಎತ್ತಿದೆ.

"ಕಡಿ... ಕಡೀಲಾ?"

"ನೀನೂ ಅಪ್ಪಣೆ ಕೇಳ್ತೀಯೇನೋ, ದಡ್ಡ! ಗದರಿಸೋ!" ಎಂದು ಅತ್ತೆ ಗುಡುಗಿದರು.

"ಕಡೀತೀನಿ!" ಎಂದು ಕಿರುಚಿದೆ. ಎದುರುಮನೆಯ ಕಿಟಕಿ ಧಡಾರನೆ ತೆರೆದುಕೊಂಡಿತು. ಮರವೊಂದನ್ನು ಬಿಟ್ಟು ಉಳಿದ ಎಲ್ಲರೂ ಹೆದರಿದಂತಿತ್ತು.

ಈಗ ಭಾವನ ಸರದಿ. ಅವರು ಬಂದು ಬೊಡ್ಡೆಯ ಮೇಲೆ ಅಂಗೈ ಇಟ್ಟರು.

"ಹೇಳೋ, ಬರೋ ವರ್ಷ ಖಂಡಿತ ಬಿಡುತ್ತೆ ಅಂತ," ಅತ್ತೆ ಅವಸರಪಡಿಸಿದರು.

ಭಾವ ಮರವನ್ನು ನೋಡುತ್ತಿರಲಿಲ್ಲ, ಅಕ್ಕನನ್ನು ನೋಡುತ್ತಿದ್ದರು. ಅಕ್ಕ ತಲೆ ತಗ್ಗಿಸಿದ್ದಳು. ಆಗ ನನಗೆ ಹೊಳೆಯಿತು. ಅಕ್ಕ ಮದುವೆಯಾಗಿ ಬಂದಂದಿನಿಂದ ಪ್ರತಿ ಹಬ್ಬಕ್ಕೂ, ಪ್ರತಿ ನಾಮಕರಣದ ಮನೆಯಲ್ಲೂ, ಉಡಿ ತುಂಬಿದ ಪ್ರತಿಯೊಬ್ಬ ಹಿರಿಯರೂ ಹೇಳಿದ ಮಾತು ಇದೇ. "ಬರೋ ವರ್ಷ ಖಂಡಿತ ಆಗುತ್ತೆ ಬಿಡಮ್ಮ." ಅವಳ ಕೂದಲು ನೆರೆತ ಮೇಲೆಯೇ ಅವರೆಲ್ಲ ಆ ಮಾತು ನಿಲ್ಲಿಸಿದ್ದು.

"ಬಿಡದಿದ್ರೆ ಬೇಡಮ್ಮ," ಎಂದರು ಭಾವ, ಮರಕ್ಕೆ. "ನೀನು ಇದೀಯಲ್ಲ. ಅಷ್ಟು ಸಾಕು."

ನಾನು ಮಚ್ಚನ್ನು ಮೆಲ್ಲಗೆ ಕೆಳಗಿಟ್ಟೆ. ಅಕ್ಕ ಮೆಟ್ಟಿಲಿಳಿದು ಬಂದು ಬೊಡ್ಡೆಗೆ ಕುಂಕುಮ ಹಚ್ಚಿದಳು. ಹಚ್ಚಿದ ಕೈಯನ್ನು ತೆಗೆಯದೆ, ಭಾವನ ಕೈಯ ಪಕ್ಕದಲ್ಲೇ ಇರಿಸಿಕೊಂಡು ಹೇಳಿದಳು:

"ಸಂಪನ್ನೇ ಆ ಕಡೆ ತೋಡಿಸೋಣ ರೀ."