ತಾರಾನಾಥನ ಮೂರನೆಯ ಟಿಕೇಟು

ಅಕ್ಕನ ಮಕ್ಕಳಿಬ್ಬರನ್ನು ದುಬೈಗೆ ಕಳುಹಿಸುತ್ತೇನೆಂದು ತಾರಾನಾಥ ಮೈಕಿನಲ್ಲಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಾದದ್ದು ಅದರ ಬೆನ್ನಿಗೇ ಆಡಿದ ಇನ್ನೊಂದು ಮಾತಿನಲ್ಲಿ.

ಕಾರ್ಕಳದಲ್ಲಿ ಅಕ್ಕ ಗುಣವತಿಯ ಹೊಸ ಮನೆಯ ಒಕ್ಕಲಿನ, ಅಂದರೆ ಗೃಹಪ್ರವೇಶದ ದಿನ. ಅಕ್ಕನ ಮಗ ರಿತೇಶ್ ಮಣಿಪಾಲದಲ್ಲಿ ಎಂಜಿನಿಯರಿಂಗ್ ಮುಗಿಸಿದ್ದ. ಮಗಳು ಆಶ್ರಿತಾ ಅಲ್ಲೇ ಓದುತ್ತಿದ್ದಳು. "ಇಬ್ಬರಿಗೂ ಸೋದರಮಾವನ ಲೆಕ್ಕದಲ್ಲಿ ಒಂದು ವಾರದ ದುಬೈ ಪ್ರವಾಸ" ಎಂದು ತಾರಾನಾಥ ಘೋಷಿಸಿದಾಗ ಊಟಕ್ಕೆ ಕುಳಿತವರೆಲ್ಲ ಎಡಗೈಯಲ್ಲಿ ಎಲೆಯ ಪಕ್ಕ ತಟ್ಟಿ ಸಂತೋಷಪಟ್ಟರು. ಯಾರೋ ಕೂಗಿ ಕೇಳಿದರು: "ನೀವು ಹೋಗುದಿಲ್ವಾ ತಾರಾನಾಥಣ್ಣ?" ಕೈಯಲ್ಲಿ ಮೈಕು ಇದ್ದರೆ ಮನುಷ್ಯ ದೊಡ್ಡವನಾಗಿಬಿಡುತ್ತಾನೆ. "ನನಗೆಂತಕ್ಕೆ ಮಾರಾಯ್ರೆ ದುಬೈ? ಮಕ್ಕಳ ಖುಷಿಯೇ ನನ್ನ ಖುಷಿ" ಎಂದುಬಿಟ್ಟ. ಈ ಸಲ ತಟ್ಟಿದ್ದು ಇನ್ನೂ ಜೋರಾಗಿತ್ತು.

ನಿಜ ಹೇಳಬೇಕೆಂದರೆ ತಾರಾನಾಥನಿಗೆ ದುಬೈ ಬೇಕಿತ್ತು. ಬಹಳ ಬೇಕಿತ್ತು. ಕಾಪು ಪೇಟೆಯಲ್ಲಿ ಅವನದು ಫೋಟೋ ಸ್ಟುಡಿಯೋ. ಊರಿನಿಂದ ಗಲ್ಫಿಗೆ ಹೋದವರಲ್ಲಿ ಅರ್ಧಕ್ಕರ್ಧ ಜನರ ಪಾಸ್‌ಪೋರ್ಟ್ ಫೋಟೋ ತೆಗೆದವನು ಅವನೇ. "ಗಲ್ಲ ಸ್ವಲ್ಪ ಕೆಳಗೆ, ಕಿವಿ ಕಾಣಲಿ, ನಗಬೇಡಿ" ಎಂದು ಹೇಳಿ ಹೇಳಿ ಊರನ್ನೆಲ್ಲ ವಿಮಾನ ಹತ್ತಿಸಿದ. ತಾನು ಮಾತ್ರ ಆ ಸ್ಟೂಲಿನ ಈಚೆಗೇ ನಿಂತುಬಿಟ್ಟ.

ಹಾಗಾಗಿ ಟಿಕೇಟು ಮಾಡಿಸುವಾಗ ಎರಡರ ಬದಲು ಮೂರು ಮಾಡಿಸಿದ. ಸ್ಟುಡಿಯೋ ಬಾಗಿಲು ಹಾಕಿಕೊಂಡು ತನ್ನ ಫೋಟೋ ತಾನೇ ತೆಗೆದುಕೊಂಡ. ಪಾಸ್‌ಪೋರ್ಟು ಬಂತು, ವೀಸಾ ಬಂತು. ಹೆಂಡತಿ ಕುಶಲಾಳಿಗೂ ಹೇಳಲಿಲ್ಲ. ಉಡುಪಿ ಬಸ್ಸಿನಲ್ಲೇ ವಾಂತಿ ಮಾಡುವ ಅವಳು ವಿಮಾನದ ಸುದ್ದಿಗೆ ಬರುವವಳಲ್ಲ. ಆದರೆ ಮೈಕಿನ ಮಾತನ್ನು ಮುಖಕ್ಕೆ ಹಿಡಿದು ನಗದೆ ಬಿಡುವವಳೂ ಅಲ್ಲ. ತಾರಾನಾಥನ ಯೋಜನೆ ಸರಳವಾಗಿತ್ತು. ಹೊರಡುವ ದಿನ ಮಕ್ಕಳು ಹೇಗೂ "ಮಾಮ, ನೀವೂ ಬನ್ನಿ" ಎನ್ನುತ್ತಾರೆ. ಸ್ವಲ್ಪ ಹೊತ್ತು ಬೇಡ ಬೇಡ ಎನ್ನುವುದು. ಆಮೇಲೆ, ನಿಮ್ಮ ಒತ್ತಾಯಕ್ಕೆ ಎಂದು ಟಿಕೇಟು ತೋರಿಸುವುದು. ಮರ್ಯಾದೆಯೂ ಉಳಿಯಿತು, ದುಬೈಯೂ ಆಯಿತು.

ಹೊರಡುವ ಹಿಂದಿನ ದಿನ ಪಾಸ್‌ಪೋರ್ಟನ್ನು ಸ್ಟುಡಿಯೋದಿಂದ ಮನೆಗೆ ತಂದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಡುಗೆಕೋಣೆಯ ಅಟ್ಟದ ಮೇಲಿದ್ದ ಹಲಸಿನ ಹಪ್ಪಳದ ಡಬ್ಬದ ತಳದಲ್ಲಿ ಇಟ್ಟ. ಮಳೆಗಾಲಕ್ಕೆಂದು ಬೇಸಗೆಯಲ್ಲಿ ಒಣಗಿಸಿಟ್ಟ ಹಪ್ಪಳ ಅದು. ಜುಲೈಯಲ್ಲಿ ಆಟಿ ತಿಂಗಳು ಬರುವ ತನಕ ಕುಶಲಾ ಅದಕ್ಕೆ ಕೈ ಹಾಕುವವಳಲ್ಲ. ಇದು ಮೇ ತಿಂಗಳು. ಅದಕ್ಕಿಂತ ಭದ್ರವಾದ ಜಾಗ ಬ್ಯಾಂಕಿನಲ್ಲೂ ಸಿಗಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಮಕ್ಕಳನ್ನು ಕರೆತರಲು ಕಾರು ತೆಗೆದುಕೊಂಡು ಮಣಿಪಾಲಕ್ಕೆ ಹೊರಟ. ಕ್ಯಾಮೆರಾ ಬ್ಯಾಗಿನಲ್ಲಿ ಕ್ಯಾಮೆರಾದ ಬದಲು ಪ್ಯಾಂಟು ಶರಟು ತುಂಬಿ ಡಿಕ್ಕಿಯಲ್ಲಿ ಇಟ್ಟಿದ್ದ.

ವಾಪಸು ಬರುವಾಗ ಉಡುಪಿ ದಾಟುವುದರೊಳಗೆ ಗಾಳ ಹಾಕತೊಡಗಿದ.

"ಅಲ್ಲ ಮಕ್ಕಳೇ, ಅಷ್ಟು ದೊಡ್ಡ ಊರು. ದಾರಿ ತಪ್ಪಿದರೆ ಎಂತ ಮಾಡ್ತೀರಿ?"

"ಮೊಬೈಲಿನಲ್ಲಿ ಮ್ಯಾಪ್ ಉಂಟಲ್ವಾ ಮಾಮ" ಎಂದ ರಿತೇಶ್.

"ಹಾಂ. ಆದರೂ ದೊಡ್ಡವರು ಒಬ್ಬರು ಜೊತೆಗೆ ಇದ್ದರೆ..."

"ಯಶ್ವಂತ್ ಮಾಮ ಅಲ್ಲಿ ಇದ್ದಾರಲ್ವಾ" ಎಂದಳು ಆಶ್ರಿತಾ. ಯಶ್ವಂತ ಕುಶಲಾಳ ತಮ್ಮ, ದುಬೈಯಲ್ಲೇ ಕೆಲಸ. ಮಕ್ಕಳು ಉಳಿದುಕೊಳ್ಳುವುದೂ ಅವನ ಮನೆಯಲ್ಲೇ.

ತಾರಾನಾಥ ಗೇರು ಬದಲಿಸಿದ. ಕಟಪಾಡಿ ಬಂತು. "ಒಳ್ಳೇ ಫೋಟೋ ತೆಗೆಯುವವರು ಬೇಡವಾ ನಿಮಗೆ?"

"ಸೆಲ್ಫಿ ಸ್ಟಿಕ್ ತಗೊಂಡಿದ್ದೇವೆ ಮಾಮ!"

ಬದುಕಿಡೀ ಫೋಟೋ ತೆಗೆದು ಅನ್ನ ತಿಂದವನಿಗೆ ಇದು ನೇರ ಎದೆಗೇ ನಾಟಿತು. ಅವನು ಒಂದು ಲಾರಿಗೆ ಸುಮ್ಮಸುಮ್ಮನೆ ಹಾರ್ನ್ ಹಾಕಿದ.

ಮನೆಯೆದುರು ಕಾರು ನಿಲ್ಲಿಸಿ ನೋಡಿದರೆ ಜಗಲಿ ತುಂಬ ಚಪ್ಪಲಿ. ಒಳಗೆ ಚಾವಡಿಯಲ್ಲಿ ಕಾಲಿಡಲು ಜಾಗವಿಲ್ಲ. ತಾರಾನಾಥನ ಅಕ್ಕನ ಮಕ್ಕಳು ದುಬೈಗೆ ಹೋಗುತ್ತಾರೆಂಬ ಸುದ್ದಿ ಹಬ್ಬಿ, ದುಬೈಯಲ್ಲಿ ಮಗ, ಅಳಿಯ, ಭಾವ ಇದ್ದವರೆಲ್ಲ ಒಂದೊಂದು ಕಟ್ಟು ತಂದಿದ್ದರು. ಎರ್ಮಾಳಿನ ಕಿಟ್ಟಣ್ಣ ಮಗನಿಗೆಂದು ದೊಡ್ಡ ಕಟ್ಟು ಒಣಸಿಗಡಿ ತಂದು, ಅದರ ಪಕ್ಕದಲ್ಲೇ ಕುರ್ಚಿ ಹಾಕಿ ಕುಳಿತಿದ್ದರು. ಯಾರದೋ ಕುಚ್ಚಲಕ್ಕಿ, ಯಾರದೋ ಮಾವಿನ ಮಿಡಿ ಉಪ್ಪಿನಕಾಯಿ, ಮಟ್ಟುಗುಳ್ಳ ಬದನೆ, ಬಾಳೆಎಲೆಯಲ್ಲಿ ಸುತ್ತಿದ ಶಂಕರಪುರ ಮಲ್ಲಿಗೆ. ಕಾರ್ಕಳದಿಂದ ಬಸ್ಸಿನಲ್ಲಿ ಬಂದಿಳಿದಿದ್ದ ಗುಣವತಿಯೂ ಬರಿಗೈಯಲ್ಲಿ ಬಂದಿರಲಿಲ್ಲ. ಮಲ್ಲಿಗೆ ಮತ್ತು ಸಿಗಡಿ ಎರಡೂ ಸೇರಿ ಮನೆಯಲ್ಲಿ ಮದುವೆಯೋ ಮೀನುಪೇಟೆಯೋ ತಿಳಿಯದ ಪರಿಮಳ ಎದ್ದಿತ್ತು.

ನಡುವೆ ನಿಂತು ಇದನ್ನೆಲ್ಲ ನಡೆಸುತ್ತಿದ್ದವರು ಪಕ್ಕದ ಮನೆಯ ಬ್ಯಾಪ್ಟಿಸ್ಟ್. ಬಹ್ರೈನಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದ ಅವರಿಗೆ ಪೆಟ್ಟಿಗೆ ಕಟ್ಟುವುದೆಂದರೆ ಪೂಜೆಯಿದ್ದ ಹಾಗೆ. ಹಗ್ಗ, ಟೇಪು, ಮಾರ್ಕರ್, ತೂಗುವ ಕೊಕ್ಕೆ ಎಲ್ಲ ಅವರದ್ದೇ.

"ಒಬ್ಬರಿಗೆ ಮೂವತ್ತು ಕಿಲೋ, ಇಬ್ಬರಿಗೆ ಅರುವತ್ತು. ಬಟ್ಟೆಗೆ ಎಂಟು ಸಾಕು ತಾರಾನಾಥರೇ. ಮಕ್ಕಳಿಗೆ ಅಲ್ಲಿ ಬಟ್ಟೆ ಎಂತಕ್ಕೆ, ಸೆಖೆ ಅಲ್ವಾ?"

ಆಶ್ರಿತಾಳ ಮುಖ ಊದಿಕೊಂಡಿತು. "ಮಾಮ, ನಾವು ಟೂರಿಗೆ ಹೋಗುದಾ, ಸಿಗಡಿ ಡೆಲಿವರಿಗೆ ಹೋಗುದಾ?"

ತಾರಾನಾಥನಿಗೆ ಚಿಂತೆ ಹತ್ತಿತು. ಮಕ್ಕಳ ಮನಸ್ಸು ಹೀಗೆ ಕೆಟ್ಟರೆ ಅವನನ್ನು ಕರೆಯುವವರು ಯಾರು? ಅಂಗಳಕ್ಕೆ ಹೋದ, ಒಳಗೆ ಬಂದ, ಅಡುಗೆಕೋಣೆಯ ಬಾಗಿಲಿಗೆ ಹೋಗಿ ಅಟ್ಟದ ಕಡೆ ಕತ್ತೆತ್ತಿದ. "ಹೆಂಗಸರ ನಡುವೆ ಎಂತ ಕೆಲಸ ನಿಮಗೆ?" ಎಂದು ಕುಶಲಾ ಅಟ್ಟಿದಳು. ಪುನಃ ಅಂಗಳಕ್ಕೆ ಹೋದ.

ಅಲ್ಲಿ ಬ್ಯಾಪ್ಟಿಸ್ಟರ ಮಗ ಜೋಯ್‌ಸ್ಟನ್ ಕಾರಿಗೆ ಸೂಟ್‌ಕೇಸು ತುಂಬುತ್ತಿದ್ದ. ಅವನೂ ದುಬೈಯಲ್ಲೇ ಕೆಲಸಕ್ಕಿರುವವನು; ರಜೆ ಮುಗಿಸಿ ಮಧ್ಯಾಹ್ನದ ವಿಮಾನಕ್ಕೆ ಹೊರಟಿದ್ದ. ಮಕ್ಕಳದು ರಾತ್ರಿಯ ವಿಮಾನ. ತಾರಾನಾಥನ ತಲೆಯಲ್ಲಿ ದೀಪ ಹೊತ್ತಿತು.

"ಜೋಯ್‌ಸ್ಟನ್, ನಿನ್ನ ಸಾಮಾನಿನಲ್ಲಿ ಸ್ವಲ್ಪ ಜಾಗ ಉಂಟಾ ಮಾರಾಯ?"

"ಒಂದು ಬಾಕ್ಸ್ ಆದರೆ ಆಗಬಹುದು ಅಂಕಲ್. ಬೇಗ ತನ್ನಿ."

ತಾರಾನಾಥ ಒಳಗೆ ಓಡಿದ. ಗೋಡೆಯ ಪಕ್ಕ ಸಾಲಾಗಿ ಇಟ್ಟಿದ್ದ ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಬಿಗಿಯಾಗಿ ಟೇಪು ಸುತ್ತಿಕೊಂಡು ಕುಳಿತಿತ್ತು. ಮೇಲೆ ಬ್ಯಾಪ್ಟಿಸ್ಟರ ದಪ್ಪ ಅಕ್ಷರದಲ್ಲಿ 'ಯಶ್ವಂತ್, ದುಬೈ' ಎಂದಿತ್ತು.

"ಇದರಲ್ಲಿ ಎಂತ ಉಂಟು?"

"ತಮ್ಮನಿಗೆ ಸ್ವಲ್ಪ ತಿಂಡಿ" ಎಂದಳು ಕುಶಲಾ. "ಬೆಳಿಗ್ಗೆ ನೀವು ಮಣಿಪಾಲಕ್ಕೆ ಹೋದ ಮೇಲೆ ಫೋನು ಮಾಡಿದ್ದ. ಪಾಪ, ಬಾಯಿ ಚಪ್ಪೆ ಆಗಿದೆಯಂತೆ."

"ಅವನ ಬಾಯಿ ಚಪ್ಪೆ ಆದದ್ದಕ್ಕೆ ಮಕ್ಕಳ ಬೆನ್ನು ಮುರಿಯಬೇಕಾ?" ಎಂದು ಗದರಿ, ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಜೋಯ್‌ಸ್ಟನ್‌ನ ಕಾರಿನಲ್ಲಿ ತಾನೇ ಕೈಯಾರೆ ಇಟ್ಟು, ಅಲುಗಾಡದ ಹಾಗೆ ಪಕ್ಕಕ್ಕೆ ಒಂದು ಗೋಣಿಯನ್ನೂ ತುರುಕಿದ. ಕಾರು ಹೊರಟಾಗ ಕೈಬೀಸಿದ. ಆಶ್ರಿತಾ "ಥ್ಯಾಂಕ್ಸ್ ಮಾಮ" ಎಂದು ನಕ್ಕಳು. ಇನ್ನು ಕರೆದೇ ಕರೆಯುತ್ತಾಳೆ ಎಂದುಕೊಂಡ. ಅವಳು ಕರೆಯಲಿಲ್ಲ, ಊಟಕ್ಕೆ ಕುಳಿತಳು.

ಊಟವಾಗಿ ಏಳುವಷ್ಟರಲ್ಲಿ ಮಲ್ಪೆಯಿಂದ ಇನ್ನೊಂದು ಕಟ್ಟು ಬಂತು. ಬ್ಯಾಪ್ಟಿಸ್ಟ್ ಕೊಕ್ಕೆಗೆ ಒಂದೊಂದನ್ನೇ ನೇತುಹಾಕಿ ತೂಗಿ, ಬೆವರು ಒರೆಸಿಕೊಂಡು ತೀರ್ಪು ಕೊಟ್ಟರು. "ಇಪ್ಪತ್ತೆರಡು ಕಿಲೋ ಜಾಸ್ತಿ ಉಂಟು."

ಮನೆಯಲ್ಲಿ ಒಮ್ಮೆಗೇ ಗಲಾಟೆಯೆದ್ದಿತು. ತನ್ನದನ್ನು ಬಿಡಿ ಎನ್ನುವವರು ಯಾರೂ ಇಲ್ಲ. ಕಿಟ್ಟಣ್ಣ ಸಿಗಡಿಯ ಕಟ್ಟನ್ನು ಮೊಮ್ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡರು. ಹೊರಡುವ ಹೊತ್ತು ಹತ್ತಿರ ಬರುತ್ತಿತ್ತು. ಆಗ ರಿತೇಶ್ ತಲೆ ಕೆರೆದುಕೊಂಡು ಹೇಳಿದ:

"ಮಾಮ, ನೀವೂ ಬಂದಿದ್ದರೆ ಒಳ್ಳೇದಿತ್ತು."

ತಾರಾನಾಥ ಥಟ್ಟನೆ ಅವನತ್ತ ತಿರುಗಿದ. "ಎಂತ ಹೇಳಿದ್ದು?"

"ನೀವೂ ಬನ್ನಿ ಅಂತ. ನಿಮ್ಮ ಟಿಕೇಟಿಗೂ ಮೂವತ್ತು ಕಿಲೋ ಸಿಗ್ತಿತ್ತಲ್ವಾ."

ಕಾರಣ ಮೂವತ್ತು ಕಿಲೋ ಎಂಬುದು ತಾರಾನಾಥನ ಕಿವಿಗೆ ಬಿತ್ತು. ಸಿಗಡಿಯ ಜೊತೆ ಸಿಗಡಿಯಾಗಿ ಹೋಗುವುದು ಎಂದು ಸ್ವಲ್ಪ ನೋಯಿತು ಕೂಡ. ಆದರೆ ವಾರಗಟ್ಟಲೆ ಕಾದ ಮಾತು. ಹೇಗೆ ಬಂದರೂ ಬಂತಲ್ಲ! ಬೇಡ ಬೇಡ ಎನ್ನುವುದನ್ನೂ ಮರೆತು ಕಿಸೆಯಿಂದ ಮೊಬೈಲು ತೆಗೆದು ಟಿಕೇಟು ತೋರಿಸಿಯೇಬಿಟ್ಟ.

ಎಲ್ಲರೂ ಮೊಬೈಲಿನ ಮೇಲೆ ಬಗ್ಗಿದರು. ಗುಣವತಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಶ್ರಿತಾ ಬಂದು ಅವನ ಕೈ ಹಿಡಿದಳು. ಅವಳ ಕಣ್ಣಿನಲ್ಲಿ ನೀರಿತ್ತು.

"ಒಂದು ಮಾತು ಹೇಳಬಾರದಿತ್ತಾ ಮಾಮ? ನಿಮ್ಮನ್ನು ಕರೆಯುವ ಅಂತ ಎಷ್ಟು ಸಲ ಹೇಳಿದೆ ನಾನು! ಅಮ್ಮನೇ, ಮಾಮನಿಗೆ ಇಷ್ಟ ಇಲ್ಲ, ಮೈಕಿನಲ್ಲೇ ಹೇಳಿದ್ದಾರೆ, ಕರೆದು ಮುಜುಗರ ಮಾಡಬೇಡಿ ಅಂತ ಬಾಯಿ ಮುಚ್ಚಿಸಿದ್ದು."

ತಾರಾನಾಥನಿಗೆ ಈಗ ಅರ್ಥವಾಯಿತು. ಕಾರಿನಲ್ಲಿ ಅವನು ಹಾಕಿದ ಗಾಳಕ್ಕೆ ಮೀನು ಯಾಕೆ ಬೀಳಲಿಲ್ಲವೆಂದರೆ, ಮೀನನ್ನು ಅಕ್ಕ ಮೊದಲೇ ಕಟ್ಟಿಹಾಕಿದ್ದಳು! ಕುಶಲಾ ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ಆಮೇಲೆ ಉಂಟು ನಿಮಗೆ. ಈಗ ಬೇಗ ಹೊರಡಿ" ಎಂದಳು. ಅವಳೂ ನಗುತ್ತಿದ್ದಳು. ಜನ "ಹೋಗಿ ಬನ್ನಿ, ಹೋಗಿ ಬನ್ನಿ" ಎನ್ನುತ್ತ ಕಟ್ಟು ಬಿಟ್ಟು ಬಸ್ಸಿಗೆ ಹೊರಟರು. ಬ್ಯಾಪ್ಟಿಸ್ಟ್ ಆಗಲೇ ಮೂರನೆಯ ಪೆಟ್ಟಿಗೆಗೆ ಹಗ್ಗ ಬಿಗಿಯತೊಡಗಿದ್ದರು.

ತಾರಾನಾಥ ಹದಿನೆಂಟರ ಹುಡುಗನ ಹಾಗೆ ಅಡುಗೆಕೋಣೆಗೆ ಹಾರಿ, ಸ್ಟೂಲು ಹಾಕಿ, ಅಟ್ಟಕ್ಕೆ ಕತ್ತು ಚಾಚಿದ.

ಅಲ್ಲಿ ಡಬ್ಬ ಇರಲಿಲ್ಲ. ಡಬ್ಬ ಇದ್ದಲ್ಲಿ ಧೂಳಿಲ್ಲದ ಒಂದು ದುಂಡನೆಯ ಗುರುತು ಮಾತ್ರ ಇತ್ತು.

"ಕುಶಲಾ..." ಸ್ವರ ಸ್ಟೂಲಿನ ಕಾಲಿನಷ್ಟೇ ನಡುಗಿತು. "ಇಲ್ಲಿದ್ದ ಹಪ್ಪಳದ ಡಬ್ಬ ಎಲ್ಲಿ?"

"ತಮ್ಮ ಹಲಸಿನ ಹಪ್ಪಳ ಬೇಕು ಅಂದ. ಡಬ್ಬ ಸಮೇತ ಕಟ್ಟಿದೆ. ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಇಟ್ಟವರು ನೀವೇ ಅಲ್ವಾ?"

ಜೋಯ್‌ಸ್ಟನ್‌ಗೆ ಫೋನು ಹಚ್ಚಿದರು. ಸ್ವಿಚ್ ಆಫ್ ಆಗಿತ್ತು. ಬ್ಯಾಪ್ಟಿಸ್ಟ್ ಗಡಿಯಾರ ನೋಡಿ, ಆಕಾಶ ನೋಡಿ, "ಈಗ ಸಮುದ್ರದ ಮೇಲೆ ಇರಬಹುದು" ಎಂದು ಟೋಪಿ ತೆಗೆದರು.

ಮಕ್ಕಳನ್ನು ಮಂಗಳೂರಿಗೆ ಬಿಟ್ಟು ಬರಲು ಕಾರು ಓಡಿಸಿದವನು ತಾರಾನಾಥನೇ. ದಾರಿಯುದ್ದಕ್ಕೂ ಆಶ್ರಿತಾ ಅವನ ಹೆಗಲ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ಹೆಚ್ಚಾದ ಇಪ್ಪತ್ತೆರಡು ಕಿಲೋ ಮನೆಯಲ್ಲೇ ಉಳಿಯಿತು. ಕಿಟ್ಟಣ್ಣ ಮುಂತಾದವರು, ಎಲ್ಲ ತಾರಾನಾಥನ ಟಿಕೇಟಿನ ಲೆಕ್ಕದಲ್ಲಿ ಹೋಗುತ್ತದೆಂಬ ಭರವಸೆಯಲ್ಲಿ, ಹಪ್ಪಳದ ಸುದ್ದಿ ಕಿವಿಗೆ ಬೀಳುವ ಮೊದಲೇ ಬಸ್ಸು ಹತ್ತಿದ್ದರು.

ಮರುದಿನ ಬೆಳಿಗ್ಗೆ ಮೊಬೈಲಿಗೆ ಒಂದು ಫೋಟೋ ಬಂತು. ಹಿಂದೆ ಮುಗಿಲು ಮುಟ್ಟುವ ಕಟ್ಟಡ. ಎದುರಿಗೆ ರಿತೇಶ್ ಒಂದು ಕಡೆ, ಆಶ್ರಿತಾ ಒಂದು ಕಡೆ. ನಡುವೆ ಇಬ್ಬರೂ ಸೇರಿ ಹಿಡಿದ ತಾರಾನಾಥನ ಪಾಸ್‌ಪೋರ್ಟು, ಅವನ ಮುಖ ಕಾಣುವ ಹಾಗೆ ತೆರೆದು. ಕೆಳಗೆ, 'ಮಾಮನ ಜೊತೆ ದುಬೈಯಲ್ಲಿ' ಎಂದು ಬರೆದಿದ್ದರು. ಮೂವರಲ್ಲಿ ನಗದೆ ಇದ್ದವನು ಅವನೊಬ್ಬನೇ. ನಗಬೇಡಿ ಎಂದು ಊರಿಗೆಲ್ಲ ಹೇಳಿದವನಿಗೆ ನಗುವ ಹಕ್ಕೆಲ್ಲಿ?

ಅವನು ಅದನ್ನೇ ನೋಡುತ್ತ ಕುಳಿತಿದ್ದಾಗ ಫೋನು ಹೊಡೆದುಕೊಂಡಿತು. ಎರ್ಮಾಳಿನಿಂದ ಕಿಟ್ಟಣ್ಣ.

"ತಾರಾನಾಥರೇ, ನಿಮ್ಮ ಮಕ್ಕಳ ಸ್ಟೇಟಸ್ಸಿನಲ್ಲಿ ನೋಡಿದೆ. ಸಣ್ಣದಾಗಿ ಕಂಡಿತು, ಆದರೂ ಮುಖ ಗುರ್ತ ಸಿಕ್ಕಿತು. ಅಂತೂ ಹೋದಿರಲ್ವಾ, ಭಾರೀ ಸಂತೋಷ! ಹಾಗಾದರೆ ನಮ್ಮ ಸಿಗಡಿ ಸರಿಯಾಗಿ ಮುಟ್ಟಿತಾ?"

ತಾರಾನಾಥ ಮಂಚದ ಅಡಿಗೆ ಬಗ್ಗಿ ನೋಡಿದ. ಸಿಗಡಿಯ ಕಟ್ಟಿನ ಎರಡೂ ಕಡೆ ಎರಡು ಬೆಕ್ಕು ಕಾವಲಿಗೆ ಕುಳಿತಿದ್ದವು.

"ಮುಟ್ಟಿದೆ ಕಿಟ್ಟಣ್ಣ" ಎಂದ. "ನಾನು ಹೇಗೆ ಮುಟ್ಟಿದ್ದೇನೋ, ಅದೂ ಹಾಗೆಯೇ ಮುಟ್ಟಿದೆ."