ಕುತೂಹಲಿಯವರು ಊಟಕ್ಕೆ ಬಂದದ್ದು

ಬೆಳಕು ಹರಿಯುವ ಮೊದಲೇ ಪಂಪು ಹಾಕಿ ಟ್ಯಾಂಕು ತುಂಬಿಸಬೇಕು, ಏಕೆಂದರೆ ಪಂಪು ಕಿರುಚುತ್ತದೆ. ಮಿಕ್ಸಿಗೆ ದಪ್ಪ ಟವೆಲು ಸುತ್ತಿ ರುಬ್ಬಿಕೊಳ್ಳಬೇಕು. ಕುಕ್ಕರು ತನ್ನ ಕೂಗಾಟವನ್ನೆಲ್ಲ ಮುಗಿಸಿರಬೇಕು. ಪಾತ್ರೆಗಳನ್ನು ಒಂದಕ್ಕೊಂದು ತಾಗದಂತೆ ತೊಳೆದು ಮಗುಚಿಡಬೇಕು. ಹಜಾರ ಗುಡಿಸಿ, ಒರೆಸಿ, ಗೋಡೆ ಗಡಿಯಾರದ ಸೆಲ್ಲು ತೆಗೆದಿಡಬೇಕು (ಅದರ ಟಿಕ್ ಟಿಕ್ ಮೈಕಿನಲ್ಲಿ ಸುತ್ತಿಗೆ ಪೆಟ್ಟಿನ ಹಾಗೆ ಕೇಳುತ್ತದಂತೆ). ಅಂಗಿ ಇಸ್ತ್ರಿ ಮಾಡಬೇಕು. ಪ್ಯಾಂಟು ಬೇಡ, ಕ್ಯಾಮೆರಾಕ್ಕೆ ಸೊಂಟದಿಂದ ಮೇಲಷ್ಟೇ ಕಾಣುವುದರಿಂದ ವಿಜ್ಞಾನವು ಮೇಲೆ ಗರಿಗರಿ ಅಂಗಿಯಲ್ಲೂ ಕೆಳಗೆ ಮಂಡಿ ಹರಿದ ಪೈಜಾಮದಲ್ಲೂ ಪ್ರಸಾರವಾಗುತ್ತದೆ. ಕೊನೆಗೆ, ತಾಮ್ರದ ತಂತಿಯನ್ನು ಕೊಳವೆಗೆ ಒತ್ತೊತ್ತಾಗಿ ಸುತ್ತಿ ಮೇಜಿನ ಮೇಲಿಡಬೇಕು. “ನಿಂದು ಹೆಣಿಗೆ ಕೈ, ಸುತ್ತು ಸಮವಾಗಿ ಬರುತ್ತೆ” ಎಂದು ಮೇಷ್ಟ್ರು ಒಂದು ಸಲ ಬಾಯಿತಪ್ಪಿ ಹೊಗಳಿದ್ದರು. ಅವತ್ತಿನಿಂದ ಸುರುಳಿ ಸುತ್ತುವ ಕೆಲಸವೂ ಅವಳದೇ.

ಇಷ್ಟಾದ ಮೇಲೆ ಅವಳ ಮುಖ್ಯ ಕೆಲಸ ಶುರುವಾಗುತ್ತದೆ: ಸದ್ದಿಲ್ಲದೆ ಇರುವುದು.

ಮೇಷ್ಟ್ರೆಂದರೆ ಅವಳ ಗಂಡ. ತಾಂತ್ರಿಕ ಶಾಲೆಯಲ್ಲಿ ವಿದ್ಯುತ್ತಿನ ಪಾಠ ಹೇಳಿ ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟಿತು, ಪಾಠ ಬಿಡಲಿಲ್ಲ. ಈಗ ಫೋನನ್ನು ಡಬ್ಬಗಳ ಮೇಲೆ ನಿಲ್ಲಿಸಿ, ಅದರ ಮುಂದೆ ಕೂತು, ವಿಡಿಯೋ ಮಾಡಿ ಲೋಕಕ್ಕೆ ಬಿಡುತ್ತಾರೆ. ಸದ್ಯಕ್ಕೆ ನಡೆಯುತ್ತಿರುವುದು ಇಂಡಕ್ಟರ್ ಪರ್ವ. ಅವಳು ಅಡುಗೆಮನೆಯ ಬಾಗಿಲು ಒಂದು ಬೆರಳಷ್ಟು ತೆರೆದು ಸ್ಟೂಲಿನ ಮೇಲೆ ಕೂರುತ್ತಾಳೆ. ಬೀನ್ಸ್ ಮುರಿಯುವ ಹಾಗೂ ಇಲ್ಲ, ಚಟ್ ಎನ್ನುತ್ತದೆ.

“ಇಂಡಕ್ಟರ್ ಅಂದ್ರೆ ಹೆದರಬೇಡಿ,” ಎನ್ನುತ್ತಿದ್ದರು ಮೇಷ್ಟ್ರು. “ಸುರುಳಿ ಸುತ್ತಿದ ತಂತಿ, ಅಷ್ಟೇ. ಕರೆಂಟು ಹರಿದ್ರೆ ಸುತ್ತ ಒಂದು ಕಾಂತಕ್ಷೇತ್ರ ಹುಟ್ಟುತ್ತೆ, ಅದರಲ್ಲಿ ಶಕ್ತಿ ಕೂಡಿಕೊಂಡಿರುತ್ತೆ. ಇದರ ಸ್ವಭಾವ ಏನು? ಬದಲಾವಣೆ ಕಂಡ್ರೆ ಆಗಲ್ಲ. ಕರೆಂಟು ಏರೋಕೆ ಹೋದ್ರೆ ಅಡ್ಡ ನಿಲ್ಲುತ್ತೆ. ಇಳಿಯೋಕೆ ಹೋದ್ರೆ, ಕೂಡಿಟ್ಟಿದ್ದನ್ನ ಕೊಟ್ಟು ‘ಹರಿ, ಹರಿ’ ಅಂತ ತಳ್ಳುತ್ತೆ. ಅರ್ಥ ಆಯ್ತಾ? ಆಗದಿದ್ರೆ ಕೇಳಿ. ಎಷ್ಟು ಸಲ ಬೇಕಾದ್ರೂ ಹೇಳ್ತೀನಿ.”

ಬದಲಾವಣೆ ಕಂಡರೆ ಆಗದ ವಸ್ತುವಿನ ಜೊತೆ ಇಷ್ಟು ಕಾಲ ಸಂಸಾರ ಮಾಡಿದವಳಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಸೋಫಾವನ್ನು ಕಿಟಕಿಯ ಬಳಿಗೆ ಎಳೆದರೆ ಸಂಜೆಯೊಳಗೆ ಅದು ತನ್ನ ಹಳೇ ಜಾಗಕ್ಕೆ ಹೋಗಿರುತ್ತಿತ್ತು. ಅವಳನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಮಾತು. ಆಗದಿದ್ದರೆ ಕೇಳಿ. ಇಂಥ ಮೆತ್ತಗಿನ ದನಿಯೊಂದು ಈ ಮನೆಯಲ್ಲಿ ಇದೆಯೆಂಬುದೇ ಅವಳಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಬಡಿಸುತ್ತಾ ಕೇಳಿಯೇಬಿಟ್ಟಳು. “ರೀ, ಆ ಸುರುಳಿ ಒಳಗೆ ಕಬ್ಬಿಣದ ತುಂಡು ಇಟ್ರಲ್ಲ, ಅದು ಯಾಕೆ?”

“ಯಾವ ಸುರುಳಿ?”

“ನಾನು ಸುತ್ತಿಕೊಟ್ಟಿದ್ದು.”

“ಅದೆಲ್ಲ ನಿನಗ್ಯಾಕೆ, ಉಪ್ಪು ಕೊಡು.”

ಉಪ್ಪು ಕೊಟ್ಟಳು. ಆಮೇಲೆ ಒಳಗೆ ಹೋಗಿ, ಮೇಷ್ಟ್ರು ಹೊಸ ಫೋನು ಕೊಂಡಾಗ ಅವಳ ಪಾಲಿಗೆ ಬಂದ ಮೂಲೆ ಒಡೆದ ಫೋನನ್ನು ತೆಗೆದು, ವಿಡಿಯೋದ ಕೆಳಗೆ ಅದೇ ಪ್ರಶ್ನೆಯನ್ನು ಬರೆದಳು. ಫೋನು ಹೆಸರು ಕೇಳಿತು. ಮನೆಯಲ್ಲಿ ಅವಳಿಗಿದ್ದ ಹೆಸರು ‘ಏ ಇವಳೇ’. ಅದನ್ನು ಹಾಕುವ ಹಾಗಿರಲಿಲ್ಲ. ‘ಕುತೂಹಲಿ’ ಎಂದು ಹಾಕಿದಳು.

ಹಜಾರದಿಂದ ಟಪಟಪ ಟೈಪು ಮಾಡುವ ಸದ್ದು ಕೇಳಿಸಿತು, ಬಹಳ ಹೊತ್ತು. ಫ್ರಿಜ್ಜಿಗೆ ಒರಗಿ ನಿಂತು ಅವಳು ಓದಿದಳು: “ಕುತೂಹಲಿಯವರೇ, ಎಂಥ ಒಳ್ಳೆಯ ಪ್ರಶ್ನೆ. ಕಬ್ಬಿಣದಲ್ಲಿ ಕಾಂತಕ್ಷೇತ್ರ ಸುಲಭವಾಗಿ ನೆಲೆಸುತ್ತದೆ. ಹಾಗಾಗಿ ಅಷ್ಟೇ ಸುತ್ತಿನ ಸುರುಳಿಯ ಬಲ ಎಷ್ಟೋ ಪಟ್ಟು ಹೆಚ್ಚುತ್ತದೆ...” ಒಂದು ಪರದೆ ತುಂಬಾ ಇತ್ತು. ಕೊನೆಯಲ್ಲಿ, “ನಿಮ್ಮಂಥವರು ಕೇಳಿದರೆ ಹೇಳುವವನಿಗೂ ಒಂದು ಖುಷಿ.”

ಹೀಗೆ ಗೋಡೆಯ ಆಚೆ ಈಚೆ ಪತ್ರವ್ಯವಹಾರ ಬೆಳೆಯಿತು. ಸ್ವಿಚ್ಚು ಆರಿಸಿದಾಗ ಕಿಡಿ ಹಾರುವುದೇಕೆ? (ಹರಿಯುತ್ತಿದ್ದುದನ್ನು ದಿಢೀರನೆ ಕಡಿದರೆ ಸುರುಳಿ ಒಪ್ಪುವುದಿಲ್ಲ, ಕೂಡಿಟ್ಟ ಶಕ್ತಿಯೆಲ್ಲ ಸೇರಿ ಗಾಳಿಯನ್ನೇ ದಾಟಿ ಹಾರುತ್ತದೆ.) ಹಳೇ ಟ್ಯೂಬ್‌ಲೈಟಿನ ಚೋಕು ಏನು ಮಾಡುತ್ತದೆ? (ಅದೂ ಸುರುಳಿಯೇ. ಹೊತ್ತಿಸುವಾಗ ಜೋರಾಗಿ ಒಂದು ನೂಕು ಕೊಡುತ್ತದೆ, ಹೊತ್ತಿದ ಮೇಲೆ ಕರೆಂಟು ಮಿತಿ ಮೀರದ ಹಾಗೆ ತಡೆದು ಹಿಡಿದಿರುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ, ಸುಮ್ಮನೆ ಗುಂಯ್ ಎನ್ನುತ್ತಿರುತ್ತದೆ.) ಇದನ್ನು ಅವಳು ಎರಡು ಸಲ ಓದಿದಳು.

“ನೋಡೇ ಇವಳೇ,” ಎಂದು ಮೇಷ್ಟ್ರು ಅಡುಗೆಮನೆಗೇ ಬಂದರು. “ಹೀಗಿರಬೇಕು ಹುಡುಗ ಅಂದ್ರೆ. ತಲೆ ನೋಡು, ತಲೆ.”

“ಹುಡುಗ ಅಂತ ಹೇಗೆ ಗೊತ್ತು?”

“ಪ್ರಶ್ನೆ ನೋಡಿದ್ರೆ ಗೊತ್ತಾಗಲ್ವಾ?”

ಅವಳಿಗೆ ಕುತೂಹಲಿಯ ಮೇಲೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಮಧ್ಯೆ ಜ್ವರ ಬಂದು ಕೆಲವು ದಿನ ಏನನ್ನೂ ಬರೆಯಲಾಗಲಿಲ್ಲ. ಮೇಷ್ಟ್ರಿಗೆ ಊಟ ಸೇರಲಿಲ್ಲ. “ಹುಡುಗನ ಸುದ್ದಿಯೇ ಇಲ್ಲ, ಪಾಪ, ಜ್ವರ ಗಿರ ಬಂತೋ ಏನೋ” ಎಂದು ಹಲುಬಿದರು. ನಂತರ ಅವಳು ತಂದಿಟ್ಟ ಲೋಟ ಮುಟ್ಟಿ, “ಟೀ ಯಾಕೆ ಹೀಗೆ ಆರಿಹೋಗಿದೆ?” ಎಂದು ಕೇಳಿದರು. ಬಿಸಿಯೆಲ್ಲ ಅವಳ ಮೈಯಲ್ಲಿತ್ತು.

ಎದ್ದು ಓಡಾಡುವಂತಾದ ದಿನ ಅವಳು ಬರೆದಳು: “ಎರಡು ಸುರುಳಿಗಳು ಮುಟ್ಟಿಕೊಳ್ಳದೆ ಪಕ್ಕಪಕ್ಕದಲ್ಲಿವೆ. ಒಂದರಲ್ಲಿ ಕರೆಂಟು ದಿನವೂ ಒಂದೇ ಸಮನೆ ಹರಿಯುತ್ತಿದೆ. ಇನ್ನೊಂದಕ್ಕೆ ಅದು ತಿಳಿಯುತ್ತದೆಯೇ?”

“ಇಲ್ಲ, ಕುತೂಹಲಿಯವರೇ,” ಎಂದು ಉತ್ತರ ಬಂತು. “ಎಷ್ಟೇ ಹರಿಯಲಿ, ಒಂದೇ ಸಮನೆ ಹರಿದರೆ ಇನ್ನೊಂದಕ್ಕೆ ಏನೂ ತಟ್ಟುವುದಿಲ್ಲ. ಮೊದಲನೆಯದರಲ್ಲಿ ಬದಲಾವಣೆ ಆದಾಗ ಮಾತ್ರ ಎರಡನೆಯದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇಷ್ಟು ಯೋಚಿಸುವವರನ್ನು ನಾನು ಕಂಡಿಲ್ಲ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬನ್ನಿ.”

ಬರುತ್ತೇನೆ ಎಂದು ಬರೆದುಬಿಟ್ಟಳು. ಯಾಕೆ ಬರೆದಳೋ. ಆ ಮನೆಗೆ ಅವಳನ್ನು ಅದುವರೆಗೆ ಯಾರೂ ಊಟಕ್ಕೆ ಕರೆದಿರಲಿಲ್ಲ.

ಅಡುಗೆ ಯಾರು ಮಾಡಬೇಕೆಂಬುದು ಆಮೇಲೆ ಹೊಳೆಯಿತು.

“ಬದನೆಕಾಯಿ ಮಾಡು,” ಎಂದರು ಮೇಷ್ಟ್ರು ಶನಿವಾರ. “ಕೇಳಿ ನೋಡಿದೆ. ಅವನಿಗೆ ಪ್ರಾಣವಂತೆ.”

“ಬದನೆಕಾಯಿ ಈ ಮನೆ ಹೊಸಿಲು ದಾಟಬಾರದು ಅಂತ ಮದುವೆಯಾದ ವಾರ ಹೇಳಿದ್ರಿ.”

“ಒಂದು ದಿನ ತಾನೇ. ಮನೆಗೆ ಬಂದವರಿಗೋಸ್ಕರ ಮನುಷ್ಯ ಅಷ್ಟೂ ಬದಲಾಗದಿದ್ರೆ ಹೇಗೆ?”

ಭಾನುವಾರ ಮೇಷ್ಟ್ರು ಪ್ಯಾಂಟನ್ನೂ ಇಸ್ತ್ರಿ ಮಾಡಿಸಿಕೊಂಡು ಹಾಕಿಕೊಂಡರು. ತಟ್ಟೆಗಳು ಯಾವ ಕಪಾಟಿನಲ್ಲಿವೆ ಎಂದು ವಿಚಾರಿಸಿ, ತಾವೇ ತಂದು ಮೇಜಿನ ಮೇಲಿಟ್ಟರು. ಸೋಫಾವನ್ನು ಕಿಟಕಿಯ ಬಳಿಗೆ ಎಳೆದರು. (“ಅವನಿಗೆ ಗಾಳಿ ಬರಲಿ.”)

“ಎರಡೇ ತಟ್ಟೆ ಇಟ್ಟಿದ್ದೀರಿ?”

“ನೀನು ಬಡಿಸಬೇಕಲ್ಲ.”

ಅಡುಗೆಮನೆಯಲ್ಲಿ ಅಕ್ಕಿ ಡಬ್ಬದೊಳಗೆ ಒಡೆದ ಫೋನು ಗುಂಯ್ ಎಂದಿತು. “ಕುತೂಹಲಿಯವರೇ, ದಾರಿ ಗೊತ್ತಾಯಿತೇ? ಹಸಿದಿರಬೇಕು.” ಅವಳು ಹಸಿದಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ‘ಮೈಗೆ ಹುಷಾರಿಲ್ಲ, ಕ್ಷಮಿಸಿ’ ಎಂದು ಟೈಪು ಮಾಡಿದಳು. ಕಳಿಸಿದರೆ ಮುಗಿಯಿತು. ಮೇಷ್ಟ್ರು ಮರುಗುತ್ತಾರೆ, ಬದನೆಕಾಯಿಯನ್ನು ಪಕ್ಕಕ್ಕೆ ತಳ್ಳುತ್ತಾರೆ, ಸೋಫಾ ತನ್ನ ಜಾಗಕ್ಕೆ ಹೋಗುತ್ತದೆ. ನಾಳೆ ಬೆಳಕು ಹರಿಯುವ ಮೊದಲು ಪಂಪು. ಎಲ್ಲ ಒಂದೇ ಸಮನೆ.

ಬರೆದದ್ದನ್ನು ಅಳಿಸಿದಳು. ಒಲೆ ಆರಿಸಿ, ಮುಖ ತೊಳೆದು, ಹಿತ್ತಿಲ ಬಾಗಿಲಿಂದ ಹೊರಬಿದ್ದಳು. ಕಸದ ಬುಟ್ಟಿ, ತುಕ್ಕು ಹಿಡಿದ ಸೈಕಲ್ಲು ದಾಟಿ, ಗೋಡೆಯ ಪಕ್ಕದಲ್ಲೇ ನಡೆದು ಮುಂಬಾಗಿಲಿಗೆ ಬಂದಳು. ಅಲ್ಲಿನ ಬೆಲ್ಲನ್ನು ಅವಳು ಒರೆಸಿದ್ದಳೇ ಹೊರತು ಒಂದು ದಿನವೂ ಒತ್ತಿರಲಿಲ್ಲ. ಅದರೊಳಗೂ ಒಂದು ಸುರುಳಿ ಇದೆ, ಕುತೂಹಲಿಗೆ ಉತ್ತರ ಬಂದಿತ್ತು: ಒತ್ತಿದರೆ ಸುರುಳಿ ಕಬ್ಬಿಣದ ಕಡ್ಡಿಯನ್ನು ಎಳೆದು ಡಿಂಗ್ ಎನಿಸುತ್ತದೆ, ಬಿಟ್ಟರೆ ಕಡ್ಡಿ ಹಿಂದಕ್ಕೆ ಹಾರಿ ಡಾಂಗ್ ಎನ್ನುತ್ತದೆ.

ಒತ್ತಿದಳು. ಡಿಂಗ್.

ಒಳಗೆ ಕುರ್ಚಿ ಸರಿಯಿತು. “ಬಂದ್ರು, ಬಂದ್ರು.” ಅದೇ ಮೆತ್ತಗಿನ ದನಿ. ಹಿಂದೆಯೇ ಇನ್ನೊಂದು ದನಿ: “ಏ ಇವಳೇ, ಬಾಗಿಲು ತೆಗಿ. ನಾನು ತಲೆ ಬಾಚ್ಕೋತಿದ್ದೀನಿ.”

ಅವಳ ಕಾಲು ತಾನಾಗಿ ಹಿತ್ತಿಲ ಕಡೆಗೆ ತಿರುಗಿತು. ಅಷ್ಟು ವರ್ಷ ಹರಿದದ್ದು ಒಮ್ಮೆಲೇ ನಿಲ್ಲುವುದುಂಟೇ. ಓಡಿ ಒಳಗೆ ಹೋಗಿ, ಕೈ ಒರೆಸಿಕೊಳ್ಳುತ್ತಾ ಬಾಗಿಲು ತೆಗೆದು, ಹೊರಗೆ ಯಾರೂ ಇಲ್ಲ ರೀ ಎನ್ನಬಹುದಿತ್ತು. ಅದು ನಿಜವೂ ಆಗಿರುತ್ತಿತ್ತು. ಕಾಲು ಹಿತ್ತಿಲ ಕಡೆಗೆ, ಬೆರಳು ಮಾತ್ರ ಬೆಲ್ಲಿನ ಮೇಲೆ.

“ಎಲ್ಲಿ ಹೋದೆ? ಮನೆಗೆ ಬಂದವರನ್ನ ಬಾಗಿಲಲ್ಲಿ ನಿಲ್ಲಿಸ್ತಾರಾ?”

ಅವಳು ಕಾಲನ್ನು ಈ ಕಡೆಗೆ ತಿರುಗಿಸಿಕೊಂಡಳು. ಬೆರಳು ಬಿಟ್ಟಳು. ಡಾಂಗ್. ಕೂದಲು ನೇವರಿಸಿಕೊಂಡು, ಬೇರೆಯವರ ಮನೆಗೆ ಮೊದಲ ಸಲ ಬಂದವರು ನಿಲ್ಲುವ ಹಾಗೆ ಮೆಟ್ಟಿಲ ಮೇಲೆ ನೆಟ್ಟಗೆ ನಿಂತಳು.

ಒಳಗಿನಿಂದ ಇನ್ನೊಮ್ಮೆ ಕೂಗು ಬಂತು. ಅವಳು ಮತ್ತೆ ಬೆಲ್ಲು ಒತ್ತಿದಳು.